ಟಯರಿನ ಪಕ್ಕೆಯ ಮೇಲಿನ ಚರಿತ್ರೆ

ನಿಮ್ಮ ಮುಂದೆ ಎರಡು ಟಯರುಗಳಿವೆ ಎಂದುಕೊಳ್ಳಿ. ಒಂದರ ಪಕ್ಕೆಯ ಮೇಲೆ 130/90-16 67 ಎಚ್ ಎಂದು ಅಚ್ಚಾಗಿದೆ. ಇನ್ನೊಂದರ ಮೇಲೆ 130/90-16 73 ಎಚ್ ಎಂದಿದೆ. ಎರಡರ ಅಗಲವೂ ಒಂದೇ, ಎತ್ತರವೂ ಒಂದೇ. 16 ಅಂಗುಲದ ಒಂದೇ ರಿಮ್ಮಿನ ಮೇಲೆ ಎರಡೂ ಸಲೀಸಾಗಿ ಕೂರುತ್ತವೆ. ಆದರೆ ಮೊದಲನೆಯದು ಹೊರಬಲ್ಲ ಗರಿಷ್ಠ ಭಾರ 307 ಕಿ.ಗ್ರಾಂ, ಎರಡನೆಯದು ಹೊರಬಲ್ಲುದು 365 ಕಿ.ಗ್ರಾಂ. ನಡುವಿನ ವ್ಯತ್ಯಾಸ 58 ಕಿ.ಗ್ರಾಂ, ಅಂದರೆ ಹೆಚ್ಚುಕಡಿಮೆ ಹಿಂದೆ ಕೂರುವ ಒಬ್ಬ ವಯಸ್ಕರ ತೂಕ.

ಸಾಮಾನ್ಯ ಮೋಟರ್‌ಸೈಕಲ್ಲಿನಲ್ಲಿ ಈ ವ್ಯತ್ಯಾಸ ಯಾರನ್ನೂ ಅಷ್ಟಾಗಿ ಕಾಡದು. ಆದರೆ ಭಾರಿ ಕ್ರೂಸರ್‌ಗಳ ಕಥೆ ಬೇರೆ. ತಗ್ಗಿನ ಆಸನ, ಮುಂದಕ್ಕೆ ಚಾಚಿದ ಕಾಲುಗಳು, ದೊಡ್ಡ ಎಂಜಿನ್, ಇಕ್ಕೆಲಗಳಲ್ಲಿ ಸಾಮಾನಿನ ಪೆಟ್ಟಿಗೆಗಳು. ವಾಹನದ ತೂಕವೇ 365 ಕಿ.ಗ್ರಾಂ ಎನ್ನಿ. ಸವಾರರು 80, ಹಿಂದೆ ಕುಳಿತವರು 65, ಸಾಮಾನು 30 ಕಿ.ಗ್ರಾಂ. ಒಟ್ಟು 540. ಇದರಲ್ಲಿ ಶೇಕಡ 60ರಷ್ಟು ಹಿಂದಿನ ಚಕ್ರದ ಮೇಲೆ ಬಿದ್ದರೆ 324 ಕಿ.ಗ್ರಾಂ ಆಯಿತು. ಈಗ ಮೇಲಿನ ಎರಡು ಟಯರುಗಳನ್ನು ಇನ್ನೊಮ್ಮೆ ನೋಡಿ. ಒಂದು ಈ ಭಾರವನ್ನು ಹೊರುತ್ತದೆ, ಇನ್ನೊಂದರ ಮಿತಿ ಆಗಲೇ ದಾಟಿದೆ. ಅಂಗಡಿಯಲ್ಲಿ ‘ಅದೇ ಸೈಜು ಕೊಡಿ’ ಎಂದು ಕೇಳಿದವರಿಗೆ ಎರಡರಲ್ಲಿ ಯಾವುದು ಸಿಕ್ಕಬಹುದು?

ಪಕ್ಕೆಯ ಮೇಲಿನ ಬರಹ ಇಷ್ಟು ಗೋಜಲಾಗಿರುವುದಕ್ಕೆ ಕಾರಣ ಇದೆ. ಅದನ್ನು ಯಾರೂ ಒಂದೇ ದಿನ ಕುಳಿತು ರಚಿಸಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ತೊಂದರೆಗಳನ್ನು ಬಗೆಹರಿಸುತ್ತ ಹೋದಂತೆ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಅಲ್ಲಿ ಬಂದು ಕೂತಿದೆ. ಹಾಗಾಗಿ ಅದನ್ನು ಓದುವ ಸುಲಭ ದಾರಿ ಎಂದರೆ ಅದರ ಚರಿತ್ರೆಯನ್ನು ಓದುವುದು.

ಭಾರ ಹೊರುವುದು ಗಾಳಿ

ಮೊದಲು ಒಂದು ಭೌತಶಾಸ್ತ್ರದ ಮಾತು. ಟಯರಿನಲ್ಲಿ ಭಾರ ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿಯೇ. ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ರಬ್ಬರು ಮತ್ತು ಅದರೊಳಗಿನ ಎಳೆಗಳ ಕೆಲಸ. ಪಂಕ್ಚರ್ ಅಂಗಡಿಯವರು 40 ಪಾಯಿಂಟ್ ಎನ್ನುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.8 ಕಿ.ಗ್ರಾಂ ಬಲಕ್ಕೆ ಸಮ. 324 ಕಿ.ಗ್ರಾಂ ಭಾರವನ್ನು ಅದರಿಂದ ಭಾಗಿಸಿದರೆ ಸುಮಾರು 116 ಚದರ ಸೆಂ.ಮೀ. ಬರುತ್ತದೆ. ಟಯರು ನೆಲವನ್ನು ಮುಟ್ಟುವ ಜಾಗ ಸರಿಸುಮಾರು ಅಷ್ಟು, ನಿಮ್ಮ ಅಂಗೈಗಿಂತ ತುಸು ದೊಡ್ಡದು. ಪಕ್ಕೆಯ ಬಿಗಿಯೂ ಸ್ವಲ್ಪ ಭಾರವನ್ನು ಹಂಚಿಕೊಳ್ಳುವುದರಿಂದ ನಿಜವಾದ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ. ಅದೇ ಟಯರಿನಲ್ಲಿ 28 ಪಾಯಿಂಟ್ ಮಾತ್ರ ಗಾಳಿ ಇದ್ದರೆ ಈ ಜಾಗ 160 ಚದರ ಸೆಂ.ಮೀ. ದಾಟುತ್ತದೆ.

ಜಾಗ ಹೆಚ್ಚಾದರೆ ಹಿಡಿತ ಹೆಚ್ಚುತ್ತದಲ್ಲ, ಒಳ್ಳೆಯದೇ ಅಲ್ಲವೆ ಎಂದು ನೀವು ಕೇಳಬಹುದು. ಅಷ್ಟು ಜಾಗ ನೆಲಕ್ಕೆ ತಾಗಬೇಕಾದರೆ ಟಯರು ಅಷ್ಟು ಹೆಚ್ಚು ಕುಸಿಯಬೇಕು. ಈ ಅಳತೆಯ ಟಯರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ಅಂದರೆ ಪಕ್ಕೆಯ ಪ್ರತಿ ಭಾಗವೂ ಸೆಕೆಂಡಿಗೆ ಅಷ್ಟು ಸಲ ಬಾಗಿ ನೆಟ್ಟಗಾಗುತ್ತದೆ. ಪ್ರತಿ ಬಾಗುವಿಕೆಯಲ್ಲೂ ರಬ್ಬರು ಪಡೆದ ಶಕ್ತಿಯನ್ನು ಪೂರ್ತಿ ಹಿಂದಿರುಗಿಸದೆ ಒಂದಷ್ಟನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ಭಾರಿ ಮೋಟರ್‌ಸೈಕಲ್ಲಿನ ಟಯರನ್ನು ಕೊಲ್ಲುವುದು ರಸ್ತೆಯ ಮೊಳೆಗಿಂತ ಹೆಚ್ಚಾಗಿ ಈ ಶಾಖ ಎಂದು ನನ್ನ ಅಭಿಪ್ರಾಯ. ಮುಂದಿನ ಚರಿತ್ರೆಯನ್ನೂ ಬಹುಪಾಲು ಈ ಶಾಖದೊಂದಿಗೆ ನಡೆದ ಹೋರಾಟ ಎಂದೇ ಓದಬಹುದು.

ಎರಡು ಸಲ ಹುಟ್ಟಿದ ಟಯರು

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ವಲ್ಕನೀಕರಣವನ್ನು ಕಂಡುಕೊಂಡ. ಬೇಸಿಗೆಯಲ್ಲಿ ಅಂಟಾಗುತ್ತಿದ್ದ, ಚಳಿಗೆ ಸೆಟೆಯುತ್ತಿದ್ದ ರಬ್ಬರು ಆಮೇಲೆಯೇ ಕೆಲಸಕ್ಕೆ ಬಂದದ್ದು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಆಗ ಅವನಿಗೆ ಇನ್ನೂ 23 ವರ್ಷ. ರಬ್ಬರು ಸವರಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಇಷ್ಟೇ ಅವನ ಟಯರು. ಕುದುರೆಗಾಡಿಗೆ ಜೋಡಿಸಿದ ಇಂಥ ಒಂದು ಜೊತೆ 1200 ಮೈಲಿ ಓಡಿತು. ಆದರೂ ಅದು ಬಳಕೆಗೆ ಬರಲಿಲ್ಲ. ಆ ಕಾಲದ ನಿಧಾನದ ಗಾಡಿಗಳಿಗೆ ಅಷ್ಟು ದುಬಾರಿಯ ಸುಖ ಬೇಕಿರಲಿಲ್ಲ.

ಬೈಸಿಕಲ್ಲು ಬಂದ ಮೇಲೆ ಬೇಕಾಯಿತು. ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಚಕ್ರದ ಸೈಕಲ್ಲಿಗಾಗಿ ಗಾಳಿಯ ಟಯರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಬೆಲ್‌ಫಾಸ್ಟ್‌ನ ಪಂದ್ಯದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟಯರು ಹಾಕಿಕೊಂಡು ಎಲ್ಲರನ್ನೂ ಹಿಂದಿಕ್ಕಿದ. ಆಮೇಲೆ ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಪೇಟೆಂಟ್ ಅಸಿಂಧುವಾಯಿತು. ಹೆಸರು ಮಾತ್ರ ಡನ್‌ಲಪ್‌ನದೇ ಉಳಿಯಿತು.

ಇಲ್ಲಿಯವರೆಗಿನ ಕಥೆ ನಿಮಗೆ ಗೊತ್ತಿದ್ದೀತು. ಹೆಚ್ಚು ಜನಕ್ಕೆ ಗೊತ್ತಿರದ, ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದ ಪ್ರಶ್ನೆ ಬೇರೆ: ಟಯರು ರಿಮ್ಮಿನ ಮೇಲೆ ನಿಲ್ಲುವುದು ಹೇಗೆ? ಡನ್‌ಲಪ್ ಅದನ್ನು ರಿಮ್ಮಿಗೆ ಅಂಟಿಸಿದ್ದ. ಪಂಕ್ಚರಾದರೆ ಕಿತ್ತು ಮತ್ತೆ ಅಂಟಿಸಬೇಕು. 1890ರಲ್ಲಿ ಇದಕ್ಕೆ ಎರಡು ಪರಿಹಾರಗಳು ಬಂದವು. ವಿಲಿಯಂ ಬಾರ್ಟ್‌ಲೆಟ್‌ನ ಟಯರಿನ ಅಂಚು ಕೊಕ್ಕೆಯಂತೆ ರಿಮ್ಮಿನ ಮಡಿಕೆಗೆ ಸಿಕ್ಕಿಕೊಳ್ಳುತ್ತಿತ್ತು. ಗಾಳಿಯ ಒತ್ತಡವೇ ಅದನ್ನು ಅಲ್ಲಿ ಒತ್ತಿ ಹಿಡಿಯಬೇಕು. ಚಾರ್ಲ್ಸ್ ವೆಲ್ಚ್ ಟಯರಿನ ಒಳ ಅಂಚಿನಲ್ಲಿ ಹಿಗ್ಗದ ತಂತಿಯ ಬಳೆಯನ್ನು ಇಟ್ಟ, ರಿಮ್ಮಿನ ನಡುವೆ ಒಂದು ತಗ್ಗು ಮಾಡಿದ. ಒಂದು ಬದಿಯ ಬಳೆಯನ್ನು ತಗ್ಗಿಗೆ ಇಳಿಸಿದರೆ ಎದುರು ಬದಿ ರಿಮ್ಮಿನ ಅಂಚನ್ನು ದಾಟಿ ಹೊರಬರುತ್ತದೆ. ಇಂದಿಗೂ ಟಯರು ಬಿಚ್ಚುವುದು ಹೀಗೆಯೇ. ಈ ಬಳೆಗೆ ಬೀಡ್ ಎಂದು ಹೆಸರು.

ಡೈಮ್ಲರ್ 1885ರಲ್ಲಿ ಮಾಡಿದ ಎಂಜಿನ್ ವಾಹನಕ್ಕೆ ಮರದ ಚಕ್ರ, ಕಬ್ಬಿಣದ ಪಟ್ಟಿ ಇತ್ತು. 1894ರಲ್ಲಿ ಮ್ಯೂನಿಕ್ಕಿನ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲ್ಲರ್ ಮಾರಾಟಕ್ಕೆಂದು ತಯಾರಿಸಿದ ಮೋಟರ್‌ಸೈಕಲ್ಲಿನಲ್ಲಿ ಗಾಳಿಯ ಟಯರು ಬಂತು. ಆದರೆ ಮೋಟರ್‌ಸೈಕಲ್ ತಯಾರಕರಲ್ಲಿ ಬಹಳ ಮಂದಿ 1920ರ ದಶಕದ ನಡುಭಾಗದವರೆಗೂ ಬಾರ್ಟ್‌ಲೆಟ್ ಮಾದರಿಯ ಕೊಕ್ಕೆಯ ಅಂಚನ್ನೇ ಬಳಸಿದರು. ಅದರಲ್ಲಿ ಗಾಳಿ ಇಳಿದರೆ ಅಂಚು ಕಳಚಿಕೊಳ್ಳುವ ಭಯ ಇದ್ದೇ ಇತ್ತು. ಕಾರಿಗೆ ನಾಲ್ಕು ಚಕ್ರ. ಒಂದು ಟಯರು ಕಳಚಿದರೂ ಅದು ನಿಂತಿರುತ್ತದೆ. ಎರಡು ಚಕ್ರದ ವಾಹನಕ್ಕೆ ಆ ಭಾಗ್ಯವಿಲ್ಲ.

ಎಳೆ, ಪದರ, ಅಕ್ಷರ

ಮೊದಲ ಟಯರುಗಳೊಳಗೆ ಇದ್ದದ್ದು ಹತ್ತಿಯ ಕ್ಯಾನ್ವಾಸ್ ಬಟ್ಟೆ. ಅದರಲ್ಲಿ ಹಾಸು, ಹೊಕ್ಕು ಎಳೆಗಳು ಒಂದರ ಮೇಲೊಂದು ಹಾಯುತ್ತವೆ. ಟಯರು ಬಾಗಿದಾಗಲೆಲ್ಲ ಅವು ಪರಸ್ಪರ ಉಜ್ಜಿ ಬಿಸಿಯಾಗುತ್ತಿದ್ದವು, ಗರಗಸದಂತೆ ಒಂದನ್ನೊಂದು ಕೊಯ್ಯುತ್ತಿದ್ದವು. ಅಮೆರಿಕದ ಜಾನ್ ಪಾಮರ್ 1890ರ ದಶಕದಲ್ಲಿ ಇದಕ್ಕೆ ಉಪಾಯ ಹುಡುಕಿದ. ಎಳೆಗಳನ್ನು ನೇಯಬೇಡಿ, ಒಂದು ಪದರದಲ್ಲಿ ಎಲ್ಲವೂ ಒಂದೇ ದಿಕ್ಕಿಗಿರಲಿ, ಮೇಲಿನ ಪದರದಲ್ಲಿ ಇನ್ನೊಂದು ದಿಕ್ಕಿಗಿರಲಿ, ನಡುವೆ ರಬ್ಬರಿರಲಿ. ಇಂದು ಬಯಾಸ್ ಎಂದು ಕರೆಯುವ ಓರೆ ಎಳೆಯ ಟಯರಿನ ಮೂಲ ಇದು.

ಟಯರು ಕಪ್ಪಾದದ್ದು ಆಮೇಲೆ. ಅಲ್ಲಿಯವರೆಗೆ ಅದು ಬಿಳಿಯಾಗಿಯೋ ಬೂದಿಯಾಗಿಯೋ ಇರುತ್ತಿತ್ತು. ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯಲ್ಲಿ 1904ರ ಸುಮಾರಿಗೆ ಎಸ್.ಸಿ. ಮೋಟ್ ರಬ್ಬರಿಗೆ ಇಂಗಾಲದ ಕಾಡಿಗೆಯನ್ನು ಬೆರೆಸಿದಾಗ ಅದರ ಬಲವೂ ಸವೆತ ತಾಳುವ ಶಕ್ತಿಯೂ ಬಹಳವಾಗಿ ಹೆಚ್ಚಿದವು. ಅಮೆರಿಕದ ಗುಡ್‌ರಿಚ್ ಕಂಪನಿ 1912ರಲ್ಲಿ ಇದನ್ನು ಪಡೆದ ಮೇಲೆ ಕಪ್ಪು ಟಯರು ಜಗತ್ತಿಗೆ ಹರಡಿತು.

ಹತ್ತಿಯ ಕಾಲದಲ್ಲಿ ಟಯರಿನ ಬಲವನ್ನು ಪದರಗಳನ್ನು ಎಣಿಸಿ ಹೇಳುತ್ತಿದ್ದರು: ನಾಲ್ಕು ಪದರ, ಆರು ಪದರ. ಮುಂದೆ ರೇಯಾನ್, ನೈಲಾನ್ ಬಂದವು. ಎರಡೇ ಪದರ ನೈಲಾನ್ ನಾಲ್ಕು ಪದರ ಹತ್ತಿಯ ಕೆಲಸ ಮಾಡತೊಡಗಿತು. ಆಗ ‘ನಾಲ್ಕು ಪದರ’ ಎಂಬುದು ಎಣಿಕೆಯಾಗಿ ಉಳಿಯದೆ ಬರೀ ದರ್ಜೆಯಾಯಿತು. ಬಿ ಎಂದರೆ ನಾಲ್ಕು ಪದರಕ್ಕೆ ಸಮ, ಸಿ ಎಂದರೆ ಆರಕ್ಕೆ ಸಮ ಎಂಬ ಅಕ್ಷರಗಳು ಹುಟ್ಟಿದ್ದು ಹೀಗೆ. ಇದರಿಂದ ಇನ್ನೊಂದು ಗೊಂದಲವೂ ಹುಟ್ಟಿತು. 180/65ಬಿ16 ಎಂದು ಅಳತೆಯ ನಡುವೆ ಬರುವ ಬಿ ಪದರದ ದರ್ಜೆಯಲ್ಲ. ಓರೆ ಎಳೆಗಳ ಮೇಲೆ ಸುತ್ತುಪಟ್ಟಿ ಹಾಕಿದ ಟಯರು ಎಂದು ಅದರ ಅರ್ಥ. ಒಂದೇ ಅಕ್ಷರಕ್ಕೆ ಎರಡು ಕೆಲಸ ಕೊಟ್ಟವರನ್ನು ಏನೆನ್ನೋಣ!

ಅಳತೆಗೂ ಇಂಥದೇ ಚರಿತ್ರೆ ಇದೆ. ಹಾರ್ಲೆ-ಡೇವಿಡ್‌ಸನ್ 1940ರಲ್ಲಿ ತನ್ನ ದೊಡ್ಡ ವಾಹನಗಳಿಗೆ 5.00-16 ಅಳತೆಯ ದಪ್ಪ ಟಯರನ್ನು ತಂದಿತು: 5 ಅಂಗುಲ ಅಗಲ, 16 ಅಂಗುಲದ ರಿಮ್. ಹಿಂದಿನ ಚಕ್ರಕ್ಕೆ ಸ್ಪ್ರಿಂಗುಗಳೇ ಇಲ್ಲದಿದ್ದ ಆ ವಾಹನಗಳಲ್ಲಿ ಟಯರಿನ ಗಾಳಿಯೇ ಸ್ಪ್ರಿಂಗಿನ ಕೆಲಸವನ್ನೂ ಮಾಡಬೇಕಿತ್ತು. ದಪ್ಪ ಟಯರಿನ ಮೇಲೆ ಕೂತ ಈ ನೋಟವೇ ಮುಂದೆ ಕ್ರೂಸರ್‌ಗಳ ಗುರುತಾಯಿತು. ಅದೇ ಅಳತೆಯ ಆಸುಪಾಸಿನ ಟಯರು ಅಕ್ಷರಗಳ ಪದ್ಧತಿಯಲ್ಲಿ ಎಂಟಿ90-16 ಆಯಿತು. ಎಂ ಎಂದರೆ ಮೋಟರ್‌ಸೈಕಲ್, ಟಿ ಎಂದರೆ ಅಗಲದ ಸಂಕೇತ. ಮಿಲಿಮೀಟರ್ ಪದ್ಧತಿಯಲ್ಲಿ 130/90-16 ಎಂದಾಯಿತು. 130 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅಗಲದ ಶೇಕಡ 90. ಮೂರೂ ಪದ್ಧತಿಯ ಹೆಸರುಗಳು ಕ್ಯಾಟಲಾಗುಗಳಲ್ಲಿ ಇಂದಿಗೂ ಸಿಗುತ್ತವೆ.

67ರ ಗುಟ್ಟು

ಪದರಗಳ ದರ್ಜೆಯಿಂದ ಎಷ್ಟು ಕಿಲೋ ಎಂದು ನೇರವಾಗಿ ತಿಳಿಯುವಂತಿರಲಿಲ್ಲ. ಅದಕ್ಕಾಗಿ ಬಂದದ್ದು ಭಾರದ ಸೂಚ್ಯಂಕ. ಈ ಪಟ್ಟಿಯಲ್ಲಿ ಸೊನ್ನೆಗೆ 45 ಕಿ.ಗ್ರಾಂ, 80ಕ್ಕೆ 450, 160ಕ್ಕೆ 4500. ಅಂದರೆ 80 ಹೆಜ್ಜೆ ಏರಿದರೆ ಭಾರ ಹತ್ತು ಪಟ್ಟು. ಇದು ಲಾಗರಿದಮ್ಮಿನ ಅಳತೆಗೋಲು. ಭೂಕಂಪದ ತೀವ್ರತೆಗೂ ಸದ್ದಿನ ಮಟ್ಟಕ್ಕೂ ಬಳಸುವಂಥದು. ಫ್ರೆಂಚ್ ಸೇನೆಯ ಎಂಜಿನಿಯರ್ ಚಾರ್ಲ್ಸ್ ರೆನಾರ್ 19ನೆಯ ಶತಮಾನದಲ್ಲಿ ಬಲೂನುಗಳ ಹಗ್ಗದ ಅಳತೆಗಳನ್ನು ಕಡಿಮೆ ಮಾಡಲು ಸೂಚಿಸಿದ ಗುಣೋತ್ತರ ಶ್ರೇಢಿಯ ತತ್ವವೇ ಇಲ್ಲಿಯೂ ಇದೆ. ಪ್ರತಿ ಹೆಜ್ಜೆಗೆ ಸುಮಾರು ಶೇಕಡ 3ರ ಏರಿಕೆ. 67ರಿಂದ 73ಕ್ಕೆ ಆರೇ ಹೆಜ್ಜೆ, ಆದರೆ ಭಾರದಲ್ಲಿ ಶೇಕಡ 19ರ ವ್ಯತ್ಯಾಸ. ಕಣ್ಣಿಗೆ ಸಣ್ಣದಾಗಿ ಕಾಣುವ ಅಂಕಿ ಇಲ್ಲಿ ಮೋಸ ಮಾಡುತ್ತದೆ.

ಅಳತೆ ಒಂದೇ ಇದ್ದರೂ ಭಾರ ಹೆಚ್ಚು ಹೊರಬಲ್ಲುದು ಹೇಗೆ? ಅದರ ಎಳೆಗಳ ಹಂದರ ಹೆಚ್ಚು ಬಲವಾಗಿದೆ. ಹೆಚ್ಚು ಗಾಳಿಯನ್ನು ತಡೆಯಬಲ್ಲುದು, ಹೆಚ್ಚು ಬಾಗುವಿಕೆಯನ್ನು ತಾಳಬಲ್ಲುದು. ಆದ್ದರಿಂದ ಪಕ್ಕೆಯ ಮೇಲೆ ಗರಿಷ್ಠ ಭಾರದ ಜೊತೆಗೆ ಎಷ್ಟು ಗಾಳಿಗೆ ಎಂಬುದನ್ನೂ ಬರೆದಿರುತ್ತಾರೆ. ಎರಡನ್ನೂ ಒಟ್ಟಿಗೇ ಓದಬೇಕು. ಗಾಳಿ ಕಡಿಮೆಯಿದ್ದರೆ 73ರ ಟಯರೂ 73 ಅಲ್ಲ. ಅಲ್ಲಿರುವ ‘ಕೋಲ್ಡ್’ ಎಂಬ ಪದವನ್ನೂ ಗಮನಿಸಿ. 27 ಡಿಗ್ರಿಯಲ್ಲಿ 40 ಪಾಯಿಂಟ್ ಇದ್ದ ಟಯರು ಓಡಿ 60 ಡಿಗ್ರಿಗೆ ಏರಿದರೆ ಒತ್ತಡ ಸುಮಾರು 46 ಆಗುತ್ತದೆ. ವಾಯುಮಂಡಲದ 14.7ನ್ನು ಕೂಡಿಸಿಕೊಂಡು, ನಿರಪೇಕ್ಷ ಉಷ್ಣತೆಯಲ್ಲಿ ಲೆಕ್ಕ ಮಾಡಿ ನೋಡಿ. ಹೆಚ್ಚಾಯಿತೆಂದು ಬಿಸಿ ಟಯರಿನಿಂದ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಅದು ಕೊರತೆಯಾಗಿ ನಿಲ್ಲುತ್ತದೆ. ದಿನಕ್ಕೆ ಎಷ್ಟು ಗಾಳಿ ಇರಬೇಕು ಎಂಬುದಕ್ಕೆ ವಾಹನ ತಯಾರಕರ ಅಂಕಿಯೇ ಆಧಾರ. ಪಕ್ಕೆಯ ಮೇಲಿರುವುದು ಗರಿಷ್ಠ ಮಿತಿ.

ಕೊನೆಯ ಅಕ್ಷರ ವೇಗದ್ದು. ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ 190, ಯು 200, ಎಚ್ 210, ವಿ 240. ಯು ಮತ್ತು ವಿ ನಡುವೆ ಎಚ್ ಏಕೆ ಬಂತು? ಮೊದಲು ಎಸ್, ಎಚ್, ವಿ ಎಂಬ ಮೂರೇ ದರ್ಜೆಗಳಿದ್ದವು. ಉಳಿದ ಅಕ್ಷರಗಳನ್ನು ಆಮೇಲೆ ವರ್ಣಮಾಲೆಯ ಕ್ರಮದಲ್ಲಿ ತುಂಬಿದರೂ ಹಳೆಯ ಎಚ್ ತನ್ನ ಜಾಗ ಬಿಡಲಿಲ್ಲ.

ಹಿಡಿತ ಎಲ್ಲಿಂದ ಬರುತ್ತದೆ

1958ರಲ್ಲಿ ಕೇಂಬ್ರಿಜ್‌ನ ಗ್ರೀನ್‌ವುಡ್ ಮತ್ತು ಡೇವಿಡ್ ಟೇಬರ್ ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಜಾರಕ ಸವರಿದ ರಬ್ಬರಿನ ಮೇಲೆ ಗಡಸು ಗುಂಡುಗಳನ್ನೂ ಶಂಕುಗಳನ್ನೂ ಜಾರಿಸಿ ಘರ್ಷಣೆಯನ್ನು ಅಳೆದರು. ಜಾರಕ ಇರುವಾಗ ಅಂಟಿನ ಪ್ರಶ್ನೆಯೇ ಇಲ್ಲ. ಆದರೂ ಘರ್ಷಣೆ ಉಳಿದಿತ್ತು. ಗುಂಡು ತಗ್ಗಿಸಿದ ರಬ್ಬರು ಪೂರ್ತಿ ಬಲದಿಂದ ಮರಳಿ ಏಳದೆ ಒಂದಷ್ಟು ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಉಳಿದ ಘರ್ಷಣೆಯ ಮೂಲ ಅದು. ಒದ್ದೆ ರಸ್ತೆಯ ಜಲ್ಲಿಯ ಮೊನೆಗಳೂ ಟಯರಿಗೆ ಹೀಗೆಯೇ ಎದುರಾಗುತ್ತವೆ. ಹಾಗಾದರೆ ಶಕ್ತಿ ನುಂಗುವ ರಬ್ಬರು ಮಳೆಯಲ್ಲಿ ಒಳ್ಳೆಯ ಹಿಡಿತ ಕೊಡಬೇಕು. ಕೊಟ್ಟಿತು ಕೂಡ.

ಆದರೆ ಶಕ್ತಿ ನುಂಗುವ ರಬ್ಬರು ಉರುಳುವಾಗಲೂ ನುಂಗಿ ಬಿಸಿಯಾಗುತ್ತದೆ. ಹಗುರವಾದ ಪಂದ್ಯದ ವಾಹನಕ್ಕೆ ಇದು ನಡೆದೀತು. ಭಾರಿ ಕ್ರೂಸರ್ ಹೆದ್ದಾರಿಯಲ್ಲಿ ದಿನವಿಡೀ ಓಡುವಂಥದು. ಅದಕ್ಕೆ ಮೆತ್ತನೆಯ ಟಯರು ಹಾಕಿದರೆ ಬೇಗ ಸವೆಯುತ್ತದೆ. ಗಡಸು ಹಾಕಿದರೆ ಬಹಳ ದೂರ ಬರುತ್ತದೆ, ಮಳೆಯಲ್ಲಿ ಜಾರುತ್ತದೆ. ನೆಟ್ಟಗೆ ಓಡುವಾಗ ನೆಲ ಮುಟ್ಟುವುದು ನಡುಭಾಗ, ವಾಲಿದಾಗ ಮುಟ್ಟುವುದು ಅಂಚುಗಳು. ಇದನ್ನು ಬಳಸಿಕೊಂಡು ನಡುವೆ ಗಡಸು, ಅಂಚಿಗೆ ಮೆತ್ತನೆಯ ರಬ್ಬರು ಇಡುವ ಟಯರುಗಳು ಬಂದವು. 2009ರ ಹಾರ್ಲೆ ಪ್ರವಾಸಿ ವಾಹನಗಳಿಗೆ ಕೊಟ್ಟ 180/65ಬಿ16 81 ಎಚ್ ಇಂಥದೇ. 81 ಎಂದರೆ 462 ಕಿ.ಗ್ರಾಂ.

ವಾಲುವ ವಿಷಯ ಬಂದಿದ್ದರಿಂದ ಒಂದು ಮಾತು. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುವ ಸವಾರ ಸುಮಾರು 30 ಡಿಗ್ರಿ ವಾಲಲೇಬೇಕು. ವಾಲಿದ ಗುಂಡು ಟಯರು ಶಂಕುವಿನಂತೆ ತಾನಾಗಿ ಒಳಕ್ಕೆ ಉರುಳುತ್ತದೆ. ತಿರುವಿಗೆ ಬೇಕಾದ ಬಲದ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಕೆಲವು ದೇಶಗಳಲ್ಲಿ ಭಾರಿ ಕ್ರೂಸರ್‌ಗಳ ಹಿಂದಿನ ಚಕ್ರಕ್ಕೆ ಕಾರಿನ ಟಯರು ಹಾಕುವ ರೂಢಿ ಇದೆ: ಭಾರ ಹೊರುತ್ತದೆ, ಸವೆಯುವುದು ನಿಧಾನ, ಬೆಲೆಯೂ ಕಡಿಮೆ. ಆದರೆ ಅದರ ಮೈ ಚಪ್ಪಟೆ. ವಾಲಿದಾಗ ಅದು ಅಂಚಿನ ಮೇಲೆ ನಿಲ್ಲುತ್ತದೆ. ಕಾರಿನ ಬೀಡ್ ಕೂರುವ ರಿಮ್ಮಿನ ಆಕಾರವೂ ಮೋಟರ್‌ಸೈಕಲ್ಲಿನ ರಿಮ್ಮಿನ ಆಕಾರವೂ ಬೇರೆ. ಹಾಕಿಕೊಂಡವರ ಅನುಭವಗಳನ್ನು ಎಷ್ಟು ಕೇಳಿದರೂ ನಾನು ಇದನ್ನು ಒಪ್ಪಲಾರೆ. ಹೆದ್ದಾರಿಯಲ್ಲೇ ಓಡಿ ನಡುಭಾಗ ಚಪ್ಪಟೆಯಾದ ಹಳೆಯ ಟಯರು ತಿರುವಿನಲ್ಲಿ ಒಮ್ಮೆಗೇ ‘ಬೀಳುವಂತೆ’ ಅನ್ನಿಸುವುದಕ್ಕೂ ಕಾರಣ ಇದೇ.

ರೇಡಿಯಲ್ ಏಕೆ ತಡವಾಯಿತು

ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟಯರಿಗೆ ಪೇಟೆಂಟ್ ಪಡೆದು 1949ರಲ್ಲಿ ಕಾರುಗಳಿಗೆ ಮಾರಿತು. ಇದರಲ್ಲಿ ಎಳೆಗಳು ಒಂದು ಬೀಡಿನಿಂದ ಇನ್ನೊಂದಕ್ಕೆ ಅಡ್ಡವಾಗಿ ನೇರ ಹಾಯುತ್ತವೆ. ಮೇಲೆ ಬಿಗಿಯಾದ ಸುತ್ತುಪಟ್ಟಿ. ಪಕ್ಕೆ ಮೆತ್ತಗೆ ಬಾಗುತ್ತದೆ, ಶಾಖ ಕಡಿಮೆ. ಮೋಟರ್‌ಸೈಕಲ್ಲಿಗೆ ಇದು ಬಂದದ್ದು 1980ರ ದಶಕದಲ್ಲಿ, ಅದೂ ಮೊದಲು ವೇಗದ ವಾಹನಗಳಿಗೆ. ಎತ್ತರದ ಪಕ್ಕೆಯ ಕ್ರೂಸರ್ ಟಯರಿನಲ್ಲಿ ಮೆತ್ತನೆಯ ರೇಡಿಯಲ್ ಪಕ್ಕೆ ಅಡ್ಡಡ್ಡ ಅಲುಗುತ್ತದೆ. ಓರೆ ಎಳೆಯ ಬಿಗಿ ಪಕ್ಕೆಯೇ ಭಾರಕ್ಕೆ ಆಸರೆ. ಪಕ್ಕೆಯ ಎತ್ತರ ತಗ್ಗಿದಂತೆ ರೇಡಿಯಲ್ಲಿಗೆ ದಾರಿಯಾಯಿತು. ಹೋಂಡಾ ಗೋಲ್ಡ್‌ವಿಂಗ್‌ನ 2001ರ ಮಾದರಿಯಲ್ಲಿ 180/60ಆರ್16 ರೇಡಿಯಲ್ ಬಂತು. ಆರ್ ಎಂದರೆ ರೇಡಿಯಲ್.

ಇಂಗ್ಲೆಂಡಿನ ಆರ್.ಎಸ್. ಶಾರ್ಪ್ 1971ರಲ್ಲಿ ಮೋಟರ್‌ಸೈಕಲ್ಲಿನ ಸ್ಥಿರತೆಯ ಗಣಿತವನ್ನು ಬರೆದಾಗ ಒಂದು ಸಂಗತಿ ಸ್ಪಷ್ಟವಾಯಿತು. ಟಯರಿನ ಅಡ್ಡಬಲ ತಕ್ಷಣ ಹುಟ್ಟದೆ, ಚಕ್ರ ಒಂದಷ್ಟು ದೂರ ಉರುಳಿದ ಮೇಲೆ ಪೂರ್ತಿ ಬರುತ್ತದೆ. ಈ ತಡವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹ್ಯಾಂಡಲ್ಲಿನ ಕಂಪನವನ್ನು ಸರಿಯಾಗಿ ವಿವರಿಸಲಾಗದು. ತಡ ಎಷ್ಟೆಂಬುದು ಟಯರಿನ ಹಂದರವನ್ನು ಅವಲಂಬಿಸಿದೆ. ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆಯ ಟಯರನ್ನು ಮನಬಂದಂತೆ ಜೋಡಿಸಬಾರದು, ಅಂದಕ್ಕೆಂದು ಅಗಲದ ಟಯರನ್ನು ಇಕ್ಕಟ್ಟಿನ ರಿಮ್ಮಿಗೆ ತುರುಕಬಾರದು ಎನ್ನುವುದು ಇದಕ್ಕೇ.

ಟ್ಯೂಬಿನ ಪ್ರಶ್ನೆ ಚಿಕ್ಕದು. ಕಡ್ಡಿಗಳ ಚಕ್ರದಲ್ಲಿ ಪ್ರತಿ ಕಡ್ಡಿಯ ಬುಡವೂ ಒಂದು ತೂತು. ಸಾಮಾನ್ಯವಾಗಿ ಅಲ್ಲಿ ಟ್ಯೂಬು ಬೇಕು. ಎರಕದ ಚಕ್ರಗಳು ಬಂದ ಮೇಲೆ ಟ್ಯೂಬಿಲ್ಲದ ಟಯರು ಸಾಧ್ಯವಾಯಿತು. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಹಠಾತ್ತನೆ ಹೋಗಬಹುದು, ಟ್ಯೂಬಿಲ್ಲದ್ದರಲ್ಲಿ ಮೆಲ್ಲಗೆ ಹೋಗುತ್ತದೆ. 360 ಕಿಲೋ ವಾಹನದ ಮೇಲೆ ಕುಳಿತವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಕೊನೆಯ ನಾಲ್ಕು ಅಂಕಿಗಳು

ನಮ್ಮ ದೇಶದಲ್ಲಿ ಎರಡು ಮತ್ತು ಮೂರು ಚಕ್ರದ ವಾಹನಗಳ ಟಯರುಗಳಿಗೆ ಐ.ಎಸ್. 15627 ಎಂಬ ಮಾನಕ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದಾಗ, ಹೊರದೇಶದ ಟಯರುಗಳನ್ನೇ ನಂಬಿದ್ದ ಭಾರಿ ಮೋಟರ್‌ಸೈಕಲ್ಲಿನವರಿಗೆ ಇಕ್ಕಟ್ಟಾಯಿತು. ಹೀಗೆ ಸರಕು ವಿರಳವಾದಾಗಲೇ ‘ಅಳತೆ ಸರಿಯಿದೆ, ಹಾಕಿಬಿಡಿ’ ಎಂಬ ಮಾತಿಗೆ ಮನಸ್ಸು ಒಲಿಯುವುದು. ಅಳತೆಯ ಪಕ್ಕದ ಅಂಕಿ ನಿಮ್ಮ ವಾಹನದ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಬೇಡ ಎನ್ನಿ. ಹೆಚ್ಚಿದ್ದರೆ ತೊಂದರೆಯಿಲ್ಲ. ಹೊರಳುವ ದಿಕ್ಕಿನ ಬಾಣವನ್ನೂ, ಮುಂದಿನ ಚಕ್ರದ್ದೋ ಹಿಂದಿನದೋ ಎಂಬುದನ್ನೂ ನೋಡಿ.

ಆಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ಬನ್ನಿ. ಅಲ್ಲಿ ನಾಲ್ಕು ಅಂಕಿಗಳಿವೆ. 3219 ಎಂದಿದ್ದರೆ ಆ ಟಯರು ತಯಾರಾದದ್ದು 2019ರ 32ನೆಯ ವಾರದಲ್ಲಿ. ಓಡದೆ ಕುಳಿತರೂ ರಬ್ಬರು ಆಮ್ಲಜನಕ ಮತ್ತು ಓಜೋನಿನ ಜೊತೆ ವರ್ತಿಸಿ ಗಡಸಾಗುತ್ತ ಹೋಗುತ್ತದೆ. ಟ್ರೆಡ್ಡಿನ ಆಳ ಮಾತ್ರ ಹೊಸದರಂತೆಯೇ ಇರುತ್ತದೆ. 2000ನೆಯ ಇಸವಿಗೆ ಮೊದಲು ಇಲ್ಲಿ ಮೂರೇ ಅಂಕಿ ಇರುತ್ತಿದ್ದವು. ಯಾರಾದರೂ ಮೂರಂಕಿಯ ‘ಹೊಸ’ ಟಯರನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಅದಕ್ಕೆ ಆಗಲೇ 25 ವರ್ಷ ದಾಟಿದೆ. ಹಳೆಯ ವಾಹನಗಳ ಪ್ರದರ್ಶನಕ್ಕೆ ಬೇಕಾದರೆ ಕೊಳ್ಳಬಹುದು, ಓಡಿಸುವುದಕ್ಕಲ್ಲ.